ಹಲಗೆಯಾದ ಹಾಸು

ಈ ಕಥೆಯನ್ನು ಮೊದಲು ಹೇಳಿದವರು ದಾವಣಗೆರೆ ಮಂಡಿಪೇಟೆಯ ಕಂಬಳಿ ವ್ಯಾಪಾರಿ ಮೌಲಾ ಸಾಬ್. ೧೯೬೪ರ ಕಾರ್ತಿಕದ ಒಂದು ಸಂಜೆ, ತಮ್ಮ ಅಂಗಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ, ನಾಲ್ಕು ಜನರನ್ನು ಕೂರಿಸಿಕೊಂಡು. ನಡೆದದ್ದು ಅದಕ್ಕೂ ಕೆಲವು ವರ್ಷ ಹಿಂದೆ, ಪಕ್ಕದ ಊರು ಬಾತಿಯಲ್ಲಿ.

ಅಲ್ಲಿ ಕಂಬಳಿ ನೇಯುವ ಮನೆಗಳ ಮಕ್ಕಳ ಓದು ಮಿಡ್ಲ್‌ಸ್ಕೂಲಿಗೆ ಮುಗಿಯುತ್ತಿತ್ತು. ಆಮೇಲೆ ಮಗ್ಗವೇ ಗುರುಮನೆ. ಅವರಲ್ಲೊಂದು ಕಟ್ಟು ಇತ್ತು. ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದವರು, ಕಂಬಳಿ ಮಗ್ಗದಿಂದ ಇಳಿಯುವವರೆಗೆ ಆ ಹಾಸನ್ನು ಬಿಟ್ಟು ಊರ ಗಡಿ ದಾಟಬಾರದು. ದಾಟಿದವರ ಮನೆಯ ನೂಲನ್ನು ನೆರೆಯವರು ಮುಟ್ಟುತ್ತಿರಲಿಲ್ಲ.

ಸೂರಪ್ಪನ ಮಗಳು ಮೈಲಮ್ಮನಿಗೆ ಮನೆಯಲ್ಲಿ ಕಾಲೇ ನಿಲ್ಲುತ್ತಿರಲಿಲ್ಲ. ಕದಿರು ತಿರುಗಿಸುತ್ತ ಕೂತರೂ ಕಣ್ಣು ದಾವಣಗೆರೆಯ ರಸ್ತೆಯ ಮೇಲೆ. ಹೈಸ್ಕೂಲಿಗೆ ಸೇರಿಸಿಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಅಜ್ಜಿ ಉಡಚಮ್ಮ ಗಂಜಿಯ ಗಡಿಗೆಯನ್ನು ತಂದು ಅವಳ ಮುಂದಿಟ್ಟಳು.

"ಒಂದೀಟು ಬಳಿ ತಾಯಿ. ನನ್ನ ಸೊಂಟ ಬಗ್ಗವಲ್ದು."

ಬೇಗ ಮುಗಿಸಿ ಓಡುವ ಆತುರದಲ್ಲಿ ಮೈಲಮ್ಮ ಉದ್ದಕ್ಕೂ ಬಳಿದೇಬಿಟ್ಟಳು. ಅಜ್ಜಿ ನಕ್ಕಾಗಲೇ ಅವಳಿಗೆ ತಿಳಿದದ್ದು.

"ಇನ್ನೆಲ್ಲಿಗೆ ಹೋಗ್ತೀಯವ್ವ? ಕೈ ಕಟ್ಟಿ ಆತು!"

ಮೈಲಮ್ಮ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಹಾಸನ್ನು ಬಿಟ್ಟು ಹೋಗಬಾರದು, ಸರಿ. ಹೊತ್ತುಕೊಂಡು ಹೋಗಬಾರದೆಂದು ಹೇಳಿದವರು ಯಾರು? ಹಸಿ ಹಾಸನ್ನು ಕೋಲಿಗೆ ಸುತ್ತಿ, ಹೆಗಲಿಗೇರಿಸಿ ನಡೆದಳು.

ದಾವಣಗೆರೆಯ ಹೈಸ್ಕೂಲಿನ ಹೆಡ್‌ಮಾಸ್ಟರ್ ವಾಮದೇವಪ್ಪ ಮೂಗಿಗೆ ಶಲ್ಯ ಹಿಡಿದರು. "ಏನವ್ವ ಇದು? ಕುರೀನೇ ಹೊತ್ಕೊಂಡು ಬಂದಂಗೈತೆ!"

"ಹಾಸು ರೀ ಸಾರ್. ಬಿಟ್ಟು ಬರಂಗಿಲ್ಲ. ಇದು ಒಣಗಾದ್ರೊಳಗ ನನ್ನ ಹೆಸರು ಬರ್ಕೊಳ್ರಿ."

ಅವರು ನಗುತ್ತಲೇ ಬರೆದುಕೊಂಡರು. ಆದರೆ ಬಿಸಿಲು ಯಾರಿಗೂ ಕಾಯುವುದಿಲ್ಲ. ಊರಿಗೆ ಬಂದು ಬಿಚ್ಚಲು ಹೋದರೆ ನೂಲಿಗೆ ನೂಲು ಅಂಟಿ ಹಾಸು ಹಲಗೆಯಾಗಿತ್ತು. ನೆರೆಯವರು ಅಂಗಳದಲ್ಲಿ ನೆರೆದರು.

"ಉಣ್ಣೆ ಹಾಳು ಮಾಡಿದ್ಯಲ್ಲೇ!" ಎಂದು ಸೂರಪ್ಪ ಕೂಗಿದ. "ಓದು ಸಾಕು. ನಾಳೆಯಿಂದ ಮಗ್ಗದ ಗುಂಡಿಗೆ ಇಳಿ."

ಉಡಚಮ್ಮ ಹಾಸನ್ನು ಬೆರಳಿನಿಂದ ಕುಟ್ಟಿದಳು. ಟೊಕ್ ಎಂದಿತು. ಮೊಮ್ಮಗಳ ಬಾಡಿದ ಮುಖ ನೋಡಿ ಇನ್ನೊಮ್ಮೆ ಕುಟ್ಟಿದಳು.

"ಕಟ್ಟು ಇರಾದು ಹಾಸಿನ ನೂಲಿಗೆ. ಇದು ಹಲಗೆ. ಹಲಗೆಗೆ ಎಂಥಾ ಕಟ್ಟೋ ಸೂರಾ? ದಿನಾ ಸಂಜೀಕ ಎಳೆಎಳೆ ಬಿಡಿಸ್ಲಿ. ಮತ್ತ ಹಾಸು ಆದ ದಿನ ಮಗ್ಗಕ್ಕ ಕೂಡ್ಲಿ. ಅಲ್ಲೀಮಟ ಶಾಲಿಗೆ ಹೋಗ್ಲಿ."

ಹಿರಿಯಳ ಮಾತಿಗೆ ನೆರೆಯವರು ತಲೆಯಾಡಿಸಿ ಚದುರಿದರು. ಅಂದಿನಿಂದ ಸಂಜೆಯಾದರೆ ಮೈಲಮ್ಮನಿಗೆ ಚಡಪಡಿಕೆ. ಬೇಗ ಬಿಡಿಸಿದರೆ ಶಾಲೆ ಮುಗಿಯಿತು. ಕೈ ಕಟ್ಟಿ ಕೂತರೆ ಅಪ್ಪನ ಮುಖ ನೋಡಲಾಗದು. ಅವಸರಕ್ಕೆ ಎಳೆದರೆ ಎಳೆ ತುಂಡಾಗುತ್ತಿತ್ತು, ಗಂಟು ಹಾಕುತ್ತಿದ್ದಳು.

ಇಷ್ಟಕ್ಕೆ ಮೌಲಾ ಸಾಬರು ನಿಲ್ಲಿಸಿದರು. ಕೇಳುತ್ತ ಕೂತಿದ್ದ ಕುಬೇರಪ್ಪನಿಗೆ ತಡೆಯಲಾಗಲಿಲ್ಲ. "ಬಿಡಿಸಿದ್ಲೋ ಇಲ್ಲೋ ಸಾಬ್ರೇ?"

"ಹೈಸ್ಕೂಲು ಪಾಸಾದ ಮ್ಯಾಲೆ ಕಡೇ ಎಳೆ ಬಿಡಿಸಿದ್ಲು. ಕಟ್ಟಿನ ಪ್ರಕಾರ ಕೂತು ನೇಯ್ದ್ಲು. ಇಳಿಸಿದ ಮರುದಿನ ಟೀಚರ್ ಕೆಲಸ ಹುಡುಕ್ಕೊಂಡು ಹರಿಹರದ ಬಸ್ಸು ಹತ್ತಿದ್ಲು. ಕಂಬಳಿ ತುಂಬ ಗಂಟು, ಯಾರೂ ಕೊಳ್ಳಲಿಲ್ಲ. ಯಾಕ, ಚುಚ್ಚವಲ್ದೇನು ನಿಮಗ?"

ಎಲ್ಲರೂ ತಾವು ಕೂತಿದ್ದ ಕಂಬಳಿಯನ್ನು ಮುಟ್ಟಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಬಟ್ಟೆಗೆ ಅಂಟಿದ ಉಣ್ಣೆ ಕೊಡವಿಕೊಂಡು ಮನೆಗೆ ಹೋದರು.