ಹಳೇ ಬಸ್ಸಿನ ಬದಲಿಗೆ

ಪಾದ್ರಿ ಸ್ಟೋಕ್ಲಿಯ ಕೈಯಲ್ಲಿದ್ದ ಶೋಕಭಾಷಣದ ಹಾಳೆಯನ್ನು ಕಿತ್ತುಕೊಂಡು, ಚರ್ಚಿನ ಮೆಟ್ಟಿಲ ಮೇಲೆಯೇ ನಿಂತು, ವರ್ನಾ ಒಂದು ಸಾಲಿನ ಮೇಲೆ ಪೆನ್ಸಿಲ್ ಎಳೆದಳು.

"ಬಸ್ಸಿನ ಕತೆ ಇವತ್ತು ಬೇಡ, ಪಾದ್ರಿಗಳೇ."

"ಪ್ರೀತಿಯಿಂದ ಹೇಳೋದಮ್ಮ ಅದನ್ನ. ಜನ ಅದನ್ನ ಕೇಳೋಕೇ ಬಂದಿರ್ತಾರೆ."

"ನನ್ನ ಗಂಡ ಬದುಕಿದ್ದಾಗ ಎಲ್ರೂ ಎದುರಿಗೇ ಹೇಳಿ ಹೇಳಿ ನಕ್ಕಿದ್ದಾರಲ್ಲ, ಸಾಕು."

ಒಳಗೆ ಪೆಟ್ಟಿಗೆಯಲ್ಲಿ ಅವಳ ಗಂಡ ಆರ್ವಿಲ್ ಪೆಲ್ ಕರೀ ಕೋಟು ತೊಟ್ಟು ಮಲಗಿದ್ದ. ಊರಿನ ಕುರ್ಚಿ ಕಾರ್ಖಾನೆಯಲ್ಲಿ ದುಡಿದು ಮುದುಕನಾದವನು. ಅದಕ್ಕೂ ಮುಂಚೆ ಅವನು ಬೇಸ್‌ಬಾಲ್ ಆಟಗಾರ, ಚೆಂಡು ಎಸೆಯುವವನು. ದೊಡ್ಡ ಲೀಗಿನಲ್ಲಲ್ಲ, ಟೆನೆಸಿಯ ಸಣ್ಣಪುಟ್ಟ ಊರುಗಳ ಕೆಳದರ್ಜೆಯ ತಂಡಗಳಲ್ಲಿ. ಅವನ ಆಟವನ್ನು ಊರು ಯಾವತ್ತೋ ಮರೆತಿತ್ತು. ಬಸ್ಸನ್ನು ಮಾತ್ರ ಮರೆತಿರಲಿಲ್ಲ.

ವರ್ನಾಳಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಮಣ್ಣು ಮಾಡುವ ಮುಂಚೆ ಯಾರಾದರೊಬ್ಬರು ಎದ್ದು ನಿಂತು, ಇವನು ಒಳ್ಳೆಯ ಆಟಗಾರನಾಗಿದ್ದ ಎನ್ನಬೇಕು. ಹಾಗೆನ್ನಬಲ್ಲವನು ಒಬ್ಬನೇ ಉಳಿದಿದ್ದ. ಆರ್ವಿಲ್ ಎಸೆದದ್ದನ್ನು ಬ್ಯಾಟು ಬೀಸುವವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುತ್ತಿದ್ದ ಲಾಂಜೊ ಟೀಗ್. ಒಹಾಯೊದಿಂದ ಬಸ್ಸು ರೈಲು ಹತ್ತಿ ಬಂದಿದ್ದ. ಮಾತಾಡುತ್ತೇನೆಂದು ಫೋನಿನಲ್ಲೇ ಒಪ್ಪಿಕೊಂಡಿದ್ದ.

*

ಆ ಕಾಲದ ಸಣ್ಣ ತಂಡಗಳಲ್ಲಿ ದುಡ್ಡಿರಲಿಲ್ಲ, ಆಟಗಾರರು ಮಾತ್ರ ಇದ್ದರು. ಒಬ್ಬನನ್ನು ಕೊಟ್ಟು ಬ್ಯಾಟುಗಳನ್ನು ತಂದವರಿದ್ದರು, ಇನ್ನೊಬ್ಬನನ್ನು ಕೊಟ್ಟು ಮೈದಾನಕ್ಕೆ ಬೇಲಿ ಹಾಕಿಸಿಕೊಂಡವರಿದ್ದರು. ಮೂವತ್ತು ದಾಟಿ ತೋಳು ಸೋತಿದ್ದ ಆರ್ವಿಲ್‌ನನ್ನು ಅವನ ತಂಡದವರು ಈ ಊರಿನ ತಂಡದ ಯಜಮಾನ ಹ್ಯಾಡ್ಲಿ ಕ್ರೂ ಸಾಹೇಬನಿಗೆ ಕೊಟ್ಟು, ಬದಲಿಗೆ ಸಾಹೇಬನ ಹಳೇ ಬಸ್ಸು ತೆಗೆದುಕೊಂಡರು.

ಮೊದಲ ದಿನ ಮೈದಾನಕ್ಕೆ ಇಳಿದಾಗ ಜನ ಬಸ್ಸು ಬಂತು ಎನ್ನುವ ಹಾಗೆ ಕಾರುಗಳ ಹಾರನ್ ಒತ್ತಿ ಸ್ವಾಗತಿಸಿದರು. ಆರ್ವಿಲ್ ಟೋಪಿ ಎತ್ತಿ ನಕ್ಕ. ನಗದೆ ಏನು ಮಾಡಿಯಾನು? ಮನೆಗೆ ಬಂದು ಊಟಕ್ಕೆ ಕೂತಾಗ, "ಆ ಬಸ್ಸಿನ ಗೇರೂ ಸರಿ ಇರ್ಲಿಲ್ವಂತೆ ಕಣೇ" ಎಂದ. ಎಂದವನು ಊಟ ಮಾಡಲಿಲ್ಲ.

ಆಮೇಲೆ, ಓರಗೆಯವರೆಲ್ಲ ಆಟ ಬಿಟ್ಟು ಗಂಟುಮೂಟೆ ಕಟ್ಟಿದ ವಯಸ್ಸಿನಲ್ಲಿ, ಇವನ ಕೈಗೆ ಹೊಸದೊಂದು ಎಸೆತ ಒಲಿಯಿತು. ಚೆಂಡಿಗೆ ಉಗುರು ಊರಿ ಹಿಡಿದು, ಒಂದಿಷ್ಟೂ ತಿರುಗದ ಹಾಗೆ ತೇಲಿಬಿಡುವುದು. ಕುಡಿದವನ ಹಾಗೆ ಗಾಳಿಯಲ್ಲಿ ತೂರಾಡಿಕೊಂಡು ಹೋಗುವ ಅದು ಎತ್ತ ವಾಲುತ್ತದೆಂದು ಎಸೆದವನಿಗೂ ತಿಳಿಯುತ್ತಿರಲಿಲ್ಲ. ಕಟ್ಟುಮಸ್ತಾದ ಹುಡುಗರು ಬರೀ ಗಾಳಿಗೆ ಬ್ಯಾಟು ಬೀಸಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಹಾರನ್ ಒತ್ತಿದ್ದ ಜನವೇ ಉಸಿರು ಬಿಗಿಹಿಡಿದು ನೋಡಿತು. ತನ್ನ ಗಂಡ ಸುಂದರ ಎಂದು ವರ್ನಾಳಿಗೆ ಅನ್ನಿಸಿದ್ದು ಆ ಬೇಸಿಗೆಯಲ್ಲೇ.

ದೊಡ್ಡ ಲೀಗಿನ ತಂಡವೊಂದು ಅವನನ್ನು ಕೇಳಿಕೊಂಡು ಬಂತು. ಒಳ್ಳೆಯ ಬೆಲೆಯನ್ನೇ ಹೇಳಿತು. ಕ್ರೂ ಸಾಹೇಬ ಜಗ್ಗಲಿಲ್ಲ. ಇವನಿಗೋಸ್ಕರ ಬಸ್ಸು ಕಳೆದುಕೊಂಡು ಹುಡುಗರನ್ನು ಹಾಲಿನ ಲಾರಿಯಲ್ಲಿ ಸಾಗಿಸಿದ್ದೇನೆ, ಹೊಸ ಬಸ್ಸು ಬೇಕು, ಮೇಲೆ ಇಬ್ಬರು ಆಟಗಾರರೂ ಬೇಕು ಎಂದ. ವಯಸ್ಸಾದವನಿಗೆ ಅಷ್ಟು ಕೊಡುವವರು ಯಾರು? ಬಂದವರು ಹೊರಟುಹೋದರು. ಮುಂದಿನ ವರ್ಷ ಕ್ರೂ ತಂಡವನ್ನೇ ಮುಚ್ಚಿದ. ಅತಿಯಾಸೆ ಗತಿಗೇಡು ಅನ್ನುತ್ತಾರೆ. ಆಸೆ ಕ್ರೂ ಸಾಹೇಬನದು, ಗತಿ ಕೆಟ್ಟದ್ದು ಆರ್ವಿಲ್‌ನದು.

*

ಪಾದ್ರಿ ವರ್ನಾಳ ಮಾತು ನಡೆಸಿಕೊಟ್ಟ, ಬಸ್ಸಿನ ಸುದ್ದಿ ಎತ್ತಲಿಲ್ಲ. ಲಾಂಜೊ ಎದ್ದು ಮುಂದೆ ಬಂದ. ಮೊದಲನೆಯ ಬೆಂಚಿನಲ್ಲಿ ಹಣ್ಣು ಮುದುಕ ಕ್ರೂ ಸಾಹೇಬ ಊರುಗೋಲಿಗೆ ಗದ್ದ ಊರಿ ಕೂತಿದ್ದ.

"ಆರ್ವಿಲ್ ಎಸೆದ್ರೆ..." ಎಂದ ಲಾಂಜೊ. ಪೆಟ್ಟಿಗೆ ನೋಡಿದ, ಜನರನ್ನು ನೋಡಿದ. ವರ್ನಾ ಕಣ್ಣಲ್ಲೇ ಹೇಳು ಹೇಳು ಎಂದಳು.

"ನಿಮಗೆಲ್ಲ ಗೊತ್ತಲ್ಲ, ಇವನನ್ನ ಬಸ್ಸಿಗೆ ಕೊಟ್ಟಿದ್ದು."

ನಗು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಹಬ್ಬಿತು. ಕ್ರೂ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಲಾಂಜೊ ಹಾರನ್ನು, ಗೇರು, ಹಾಲಿನ ಲಾರಿ ಯಾವುದನ್ನೂ ಬಿಡಲಿಲ್ಲ. ಊರಿನವರು ನಕ್ಕಿದ್ದರೆ, ನಕ್ಕರು ಬಿಡು ಎನ್ನುತ್ತಿದ್ದಳು ವರ್ನಾ. ಇವನೂ ಸೇರಿಕೊಂಡನಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನೆರೆಯ ಹೆಂಗಸರು ಹಂದಿತೊಡೆ, ಆಲೂಗಡ್ಡೆ, ಜೋಳದ ರೊಟ್ಟಿ ತಂದು ಇಟ್ಟಿದ್ದರು. ಲಾಂಜೊ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ವರ್ನಾ ನೆಟ್ಟಗೆ ಹೋಗಿ ಎದುರಿಗೆ ಕುರ್ಚಿ ಎಳೆದುಕೊಂಡಳು.

"ಮಾತು ಕೊಟ್ಟಿದ್ದೆ ನೀನು."

"ಅಳು ಬಂತು ವರ್ನಾ. ಅಷ್ಟು ಜನರ ಮುಂದೆ ಅಳೋಕಾಗ್ಲಿಲ್ಲ, ನಗಿಸ್ಬಿಟ್ಟೆ."

ಇನ್ನೂ ನಾಲ್ಕು ಮಾತು ಅನ್ನಬೇಕೆಂದೇ ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವನ ಕೈಯಿಂದ ಫೋರ್ಕು ಜಾರಿ ತಟ್ಟೆಗೆ ಬಿತ್ತು. ಎತ್ತಿಕೊಳ್ಳಲು ಹೋದ, ಆಗಲಿಲ್ಲ. ಮತ್ತೆ ಹೋದ. ಬಲಗೈಯ ಬೆರಳುಗಳು ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ.

"ಇದೇನು ಹೀಗೆ?"

"ನಿನ್ನ ಗಂಡ," ಎಂದ ಲಾಂಜೊ, ಮೆಲ್ಲಗೆ. "ಅವನ ಚೆಂಡನ್ನ ಹಿಡಿಯೋಕಾಗ್ತಿರ್ಲಿಲ್ಲ ಕಣಮ್ಮ. ಯಾರ ಕೈಲೂ ಆಗ್ತಿರ್ಲಿಲ್ಲ. ಬೆರಳು ಮುರೀತಿತ್ತು, ಕಟ್ಕೋತಿದ್ದೆ, ಮತ್ತೆ ಹೋಗಿ ಕೂರ್ತಿದ್ದೆ. ಆ ಎಸೆತ ನೋಡೋಕೆ ಅಷ್ಟು ಚೆಂದ ಇರೋದು."

ವರ್ನಾ ಫೋರ್ಕನ್ನು ಎತ್ತಿ ಅವನ ಎಡಗೈಗೆ ಕೊಟ್ಟಳು.

ಕ್ರೂ ಸಾಹೇಬ ಊರುಗೋಲು ಕುಟ್ಟಿಕೊಂಡು ಅವರ ಮೇಜಿಗೇ ಬಂದ. ಹಿಂದೆ ನಾಲ್ಕೈದು ಜನ ಬಂದರು. ಲಾಂಜೊನ ಬೆನ್ನು ತಟ್ಟಿ, "ಒಳ್ಳೇ ಕತೆ ಹೇಳ್ದೆ ಕಣಯ್ಯ, ಅದನ್ನೇ ಇನ್ನೊಂದ್ಸಲ ಹೇಳು" ಎಂದ. ಲಾಂಜೊ ಹಲ್ಲುಕಿರಿದು, ಬಲಗೈಯನ್ನು ಮೇಜಿನ ಕೆಳಗೆ ಸರಿಸಿಕೊಂಡ.

ವರ್ನಾ ಬಗ್ಗಿ ಆ ಕೈ ಹುಡುಕಿ ಹಿಡಿದಳು. ಅವನು ಬಿಗಿ ಹಿಡಿದ, ಅವಳು ಬಿಡಲಿಲ್ಲ. ಎಳೆದು ಮೇಲೆ ತಂದು, ಕ್ರೂ ಸಾಹೇಬನ ಮೂಗಿನ ಕೆಳಗೆ, ತಟ್ಟೆಗಳ ನಡುವೆ ಅಂಗೈ ಮೇಲಾಗಿ ಇಟ್ಟಳು. ಬಿಳೀ ಬಟ್ಟೆಯ ಮೇಲೆ ಐದು ಬೆರಳು ಐದು ದಿಕ್ಕಿಗೆ ಸೊಟ್ಟಗೆ ತಿರುಗಿಕೊಂಡು ಬಿದ್ದಿದ್ದವು.