ಯಾರ ಬಾಗಿಲಿಗೆ ಮರಳು

ಬೆಳಗಿನಿಂದ ಚೀಲಕ್ಕೆ ಮರಳು ತುಂಬಿ ತುಂಬಿ ಕೆಳಗೇರಿಯ ಹೆಂಗಸರ ಉಗುರುಸಂದಿಯಲ್ಲಿ ರಕ್ತ ಬಂದಿತ್ತು. ಕೂಲಿ ಇಲ್ಲ. ಹೊಳೆ ಉಕ್ಕುವ ಮೊದಲೇ ಊರು ಸಿದ್ಧವಾಗಬೇಕು, ಎಲ್ಲರೂ ಕೈಜೋಡಿಸಬೇಕು ಎಂದು ತಾಲ್ಲೂಕು ಕಚೇರಿಯ ಸಾಹೇಬರು ಮೈಕ್ ಹಿಡಿದು ಹೇಳಿದ್ದರು. ಜೋಡಿಸಿದ ಕೈಗಳೆಲ್ಲ ಕೆಳಗೇರಿಯವೇ. ಸಾಹೇಬರ ಕೈಯಲ್ಲಿ ಕೊಡೆಯಿತ್ತು.

ಚೀಲ ಎಲ್ಲಿ ಒಟ್ಟಬೇಕೆಂದು ತೋರಿಸುತ್ತಿದ್ದವನು ಮೇಸ್ತ್ರಿ. ಅವನೂ ನಮ್ಮ ಕೇರಿಯವನೇ. ಮೊದಲು ಊರ ಧಣಿಯ ಗೋಡೌನಿಗೆ, ಆಮೇಲೆ ಕೇರಿಗೆ ಅಂದಿದ್ದ. ಆ ಆಮೇಲೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊಳೆ ಉಕ್ಕಿದಾಗಲೆಲ್ಲ ನೀರು ಗೋಡೌನಿನ ಹಿಂದಿನ ಬಯಲಿಗೆ ಹರಡಿ ಸುಮ್ಮನಾಗುತ್ತಿತ್ತು. ಈಗ ಧಣಿ ಅಲ್ಲಿ ಸಿಮೆಂಟು ದಾಸ್ತಾನು ಮಾಡಿದ್ದಾನೆ. ಚೀಲ ಒಟ್ಟಿ ಆ ದಾರಿ ಕಟ್ಟಿದರೆ ನೀರು ಹೋಗುವುದು ಕೆಳಗೇರಿಗೇ. ಕಟ್ಟಿಸಿಕೊಟ್ಟರೆ ಗೋಡೌನಿನ ಕಾವಲು ಕೆಲಸ ನಿನಗೇ ಎಂದು ಧಣಿ ಹೇಳಿದ್ದ. ಮೇಸ್ತ್ರಿ ಹೂಂಗುಟ್ಟಿ ಬಂದಿದ್ದ. ಅಂದಿನಿಂದ ಅವನಿಗೆ ಅನ್ನ ಇಳಿದಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಚೀಲ ತುಂಬಿದವಳು ಅವನ ಅಕ್ಕ. ತಮ್ಮನ ಮೇಸ್ತ್ರಿಕೆಗೆ ಮರ್ಯಾದೆ ತರಬೇಕಲ್ಲ! ಅವಳ ಮನೆ ಕೇರಿಯ ತೀರ ತಗ್ಗಿನಲ್ಲಿ. ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಮಧ್ಯಾಹ್ನ ನೀರಿನ ಚೆಂಬನ್ನು ಅವಳು ಮೊದಲು ತಮ್ಮನಿಗೇ ಚಾಚಿದಳು. ಅವನು ಮುಟ್ಟಲಿಲ್ಲ.

"ಯಾಕೋ, ಮುಖ ಹಂಗಿದೆ?"

"ಅಕ್ಕಾ, ಇನ್ನು ತುಂಬಬೇಡ. ಇದನ್ನ ಕಟ್ಟಿದ್ರೆ ಹೊಳೆ ಸೀದಾ ನಿನ್ನ ಮನೆಗೇ ನುಗ್ಗುತ್ತೆ. ಭಾವ ಮಲಗಿದ್ದಲ್ಲೇ ಹೋಗಿಬಿಡ್ತಾರೆ. ನಂಗೆ ಮೊದಲೇ ಗೊತ್ತಿತ್ತು."

ಸಲಿಕೆಗಳು ನಿಂತವು. ಅಕ್ಕನ ಕೈತುತ್ತು ತಿಂದು ಬೆಳೆದವನು ಉಂಡ ಮನೆಯ ಜಂತೆ ಎಣಿಸಿದ್ದ. ಅವಳು ಉಗಿಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದ. ಅವಳು ಹೊಳೆಯ ಕಡೆ ನೋಡಿದಳು. ಕೆನ್ನೀರು ಆಗಲೇ ದಂಡೆ ಹತ್ತುತ್ತಿತ್ತು. ಗೋಡೌನಿನ ಬಳಿ ಹೋಗಿ ಮೇಲಿನ ಚೀಲವೊಂದನ್ನು ಕೆಳಗೆಳೆದಳು. ಉಳಿದ ಹೆಂಗಸರೂ ಕೈ ಹಾಕಿದರು. ಓಡಿಬಂದ ಸಾಹೇಬರು ಇದು ಸರ್ಕಾರದ ಆಸ್ತಿ, ಮುಟ್ಟಿದರೆ ಕೇಸು ಬೀಳುತ್ತದೆ ಎಂದು ಹೆದರಿಸಿದರು.

"ಹಾಕ್ಕೊಳ್ಳಿ ಸಾಹೇಬ್ರೇ," ಎಂದಳೊಬ್ಬಳು ಮುದುಕಿ. "ಕೇರಿ ಉಳಿದ್ರೆ ನಾವು ಅಲ್ಲೇ ಸಿಗ್ತೀವಿ."

ಮೇಸ್ತ್ರಿ ಅಕ್ಕನ ಹಿಂದೆ ಹೋಗಿ ನಿಂತ. "ಎರಡು ಬಾರಿಸಿಬಿಡೇ ಅಕ್ಕಾ," ಅಂದ. ಅಳು ಬಂದುಬಿಟ್ಟಿತ್ತು.

"ಅದಕ್ಕೆ ಈಗ ಪುರಸೊತ್ತಿಲ್ಲ. ಇದನ್ನ ತಲೆ ಮೇಲೆ ಹೊರಿಸು."

ಅವನು ಹೊರಿಸಿದ. ಅವಳು ಅವನ ಮುಖ ನೋಡದೆ ಕೇರಿಯ ಕಡೆಗೆ ಇಳಿಜಾರಿನಲ್ಲಿ ನಡೆದಳು.