ಒಂದೇ ಬಳೆಯ ಎರಡು ಬೀಗದ ಕೈ

ಆ ಸೋಮವಾರ ಬೆಳಿಗ್ಗೆ ಮಂಜು ತೆಂಗಿನ ಸುಳಿಯ ಎತ್ತರಕ್ಕೇ ನಿಂತುಬಿಟ್ಟಿತ್ತು. ಕೆಳಗೆ ಬುಡಗಳೆಲ್ಲ ಕಾಣುತ್ತಿದ್ದವು, ಮೇಲೆ ನೋಡಿದರೆ ಮರಕ್ಕೆ ತಲೆಯೇ ಇಲ್ಲ. ಗರಿಗಳಿಂದ ತೊಟ್ಟಿಕ್ಕುವ ಹನಿ ಶೀಟಿನ ಮಾಡುಗಳ ಮೇಲೆ ಬಿದ್ದು, ಮಳೆಯಿಲ್ಲದೆಯೇ ಊರಿಗೆಲ್ಲ ಮಳೆಯ ಸದ್ದು. ನಾನು ಸಿದ್ದಪ್ಪನ ಗುಡಿಯ ಪೂಜೆ ಮುಗಿಸಿ, ಬೀಗ ಹಾಕಿ, ಭೀಮರಾಜುವಿನ ಬೈಕಿನ ಹಿಂದೆ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು ದಂಡಿನಶಿವರದ ಕಡೆಗೆ ಹೊರಟಿದ್ದೆ.

ಅವನ ಬೈಕು ನನ್ನ ಹತ್ತಿರ ಯಾಕಿತ್ತು ಅನ್ನುವುದನ್ನು ಮೊದಲು ಹೇಳಬೇಕು.

ಭೀಮರಾಜು ನನ್ನ ಜೊತೆ ಸ್ಲೇಟು ಹಿಡಿದವನು. ದೊಡ್ಡವನಾದ ಮೇಲೆ ಸುತ್ತ ಹತ್ತು ಹಳ್ಳಿಯ ತೆಂಗಿನ ಮರ ಹತ್ತುತ್ತಿದ್ದ. ಸಂಜೆಯಾದರೆ ಆ ಹಳೇ ಬೈಕಿನ ಮುಂದಿನ ಚಕ್ರ ಎತ್ತಿ, ಹಿಂದಿನ ಒಂದೇ ಚಕ್ರದ ಮೇಲೆ ಕೆರೆ ಏರಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದ. ಜನ ನೋಡಿ ಬೈಯುತ್ತಿದ್ದರು, ಬೈದವರೇ ಮಾರನೇ ದಿನ ಮತ್ತೆ ನೋಡಲು ಬರುತ್ತಿದ್ದರು. ಕಳೆದ ಮಾಘದಲ್ಲಿ, ನನ್ನದೇ ತೋಟದಲ್ಲಿ, ಮರ ಇಳಿಯುವಾಗ ಜಾರಿದ. ಎಡಮಂಡಿ ಮಡಚದ ಹಾಗಾಯಿತು. ಆಸ್ಪತ್ರೆಯಲ್ಲಿ ಅವನ ಜೇಬಿನಿಂದ ಬಿದ್ದ ಬೈಕಿನ ಕೀಯನ್ನು, ಕಳೆದುಹೋಗದಿರಲಿ ಎಂದು, ಗುಡಿಯ ಬೀಗದ ಕೈ ಇದ್ದ ಬಳೆಗೇ ಪೋಣಿಸಿಕೊಂಡೆ. ಆಮೇಲೆ ಕೊಡಲು ಹೋದರೆ ಗೋಡೆ ಕಡೆ ಮುಖ ಮಾಡಿ, "ನೀನೇ ಇಟ್ಕಳ್ಲಾ ಅಯ್ಯ" ಅಂದ.

ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ತಿಂಗಳಲ್ಲಿ ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಜಗುಲಿಯ ಮೇಲೆ ಕೂತ ಭೀಮರಾಜುವಿಗೂ ಹತ್ತು ತಿಂಗಳಾಗಿತ್ತು, ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ತಾಯಿ ಚಿಕ್ಕಗೌರಮ್ಮನಿಗೆ ಹೂಂ, ಊಹೂಂ. ನನಗೆ ಅದೂ ಇಲ್ಲ.

ಆ ಬೆಳಿಗ್ಗೆ ಅವನ ಮನೆ ಮುಂದಿನ ಏರು ಹತ್ತುವಾಗ ಗಾಡಿ ತಿಣುಕಿತು. ಆಕ್ಸಿಲೇಟರಿನ ಕಿವಿ ತಿರುವಿದೆ. ಹಿಂದೆ ಕಾಯಿಯ ಭಾರ, ಮುಂದೆ ಏನೂ ಇಲ್ಲ. ಹ್ಯಾಂಡಲ್ಲು ಎದೆಗೆ ಬಂತು, ಮುಂದಿನ ಚಕ್ರ ಆಕಾಶ ನೋಡಿತು. "ಸಿದ್ದಪ್ಪಾ!" ಎಂದು ಕೂಗಿದೆ. ಅದರ ಮೇಲೇ ಜಗುಲಿಯಿಂದ ಇನ್ನೊಂದು ಕೂಗು ಬಂತು:

"ಹಿಂದ್ಲು ಬ್ರೇಕ್ ಒತ್ಲಾ, ಬಡ್ಡೈದ್ನೆ!"

ಒತ್ತಿದೆ. ಚಕ್ರ ದಡಕ್ಕನೆ ನೆಲಕ್ಕೆ ಬಂತು. ಚೀಲದ ಬಾಯಿ ಬಿಚ್ಚಿ ಕಾಯಿಗಳು ಉರುಳಿ ಅವನ ಕಣ ಸೇರಿದವು. ತಿರುಗಿ ನೋಡಿದರೆ ಭೀಮರಾಜು ಕಂಬ ಹಿಡಿದು ನಿಂತಿದ್ದ. ತಾನು ನಿಂತದ್ದು ತನಗೇ ಗೊತ್ತಾದವನಂತೆ ತಟ್ಟನೆ ಕೂತುಬಿಟ್ಟ.

ಕಾಯಿ ಆರಿಸಲು ಬಂದ ಚಿಕ್ಕಗೌರಮ್ಮ ಮೆಲ್ಲಗೆ ಅಂದಳು, "ಮಾಂತೇಶಪ್ಪ, ಬರೋ ಸೋಮವಾರ ತುರುವೇಕೆರೆ ಮೆಕ್ಯಾನಿಕ್ ಅಜ್ಮತ್ ಬತ್ತಾನಂತೆ. ಬೈಕ್ ಬಿಚ್ಚಿ ಸಾಮಾನಿಗೆ ತಗಂಡ್ ಹೋಗು ಅಂತ ಇವ್ನೇ ಫೋನ್ ಮಾಡವ್ನೆ. ಅದೂ ಹೋದ್ರೆ ನನ್ ಮಗ ಇನ್ ಏಳಾಕಿಲ್ಲ ಕಣಪ್ಪ."

ರಾತ್ರಿಯ ಮಂಗಳಾರತಿಯಲ್ಲಿ ದೇವರನ್ನು ಬೇರೇನೂ ಕೇಳಲಿಲ್ಲ. ಭೀಮರಾಜು ಬೈದದ್ದು ಕಿವಿಯಲ್ಲೇ ಇತ್ತು. ಇನ್ನಷ್ಟು ಬೈಸಿಕೊಳ್ಳುವ ಬುದ್ಧಿ ಕೊಡಪ್ಪ ಅಂದೆ.

ಮಂಗಳವಾರದಿಂದ ಮುಂದಿನ ಚಕ್ರ ಎತ್ತುವ ನನ್ನ ಕಲಿಕೆ ಶುರುವಾಯಿತು. ನಲವತ್ತಮೂರು ವಯಸ್ಸು, ಸಾಕಷ್ಟು ಹೊಟ್ಟೆ, ಹಣೆ ತುಂಬ ವಿಭೂತಿ. ಭೀಮರಾಜುವಿನ ಕಣದಲ್ಲಿ, ಅವನ ಕಣ್ಣೆದುರಿಗೇ. ಬೀಳಲೆಂದು ಒಂದು ಬದಿಗೆ ಸುಲಿದ ಕಾಯಿಮಟ್ಟೆಯ ರಾಶಿ ಇತ್ತು. ಗಾಡಿ ಜೋರು ಮಾಡಿ ಕ್ಲಚ್ ಬಿಟ್ಟೆ. ಗಾಡಿ ಕಪ್ಪೆಯ ಹಾಗೆ ಹಾರಿ ಮಟ್ಟೆಯೊಳಗೆ ನುಗ್ಗಿತು. ಜಗುಲಿ ಸುಮ್ಮನಿತ್ತು. ಎರಡನೇ ಸಲವೂ ಹಾಗೇ. ಮೂರನೇ ಸಲಕ್ಕೆ,

"ತಲೆ ಒಡ್ಕಂಡ್ರೆ ಗುಡಿ ಬಾಗ್ಲು ಯಾರ್ಲಾ ತೆಗಿಯೋರು? ಹೆಲ್ಮೆಟ್ ಹಾಕ್ಕಳ್ಲಾ!"

ಬುಧವಾರ ಹೆಲ್ಮೆಟ್ ಹಾಕಿಕೊಂಡು ಹೋದೆ. ತೆಗೆದಾಗ ವಿಭೂತಿಯೆಲ್ಲ ಅದರೊಳಗೇ ಹತ್ತಿತ್ತು. "ಹೆಲ್ಮೆಟ್ಟಿಗೆ ದೀಕ್ಷೆ ಆಯ್ತು ಬುಡು" ಅಂದ. ಹತ್ತು ತಿಂಗಳ ಮೇಲೆ ಅವನಾಡಿದ ಮೊದಲ ತಮಾಷೆ. ಚಿಕ್ಕಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಗುರುವಾರ ಜಗುಲಿಯಿಂದ ಮೆಟ್ಟಿಲಿಗಿಳಿದ. ಶುಕ್ರವಾರ ಕೋಲೂರಿಕೊಂಡು ಕಣದ ಅಂಚಿಗೆ ಬಂದ.

"ಎತ್ತೋದು ಯಾರಾದ್ರೂ ಎತ್ತಾರೆ ಕಣ್ಲಾ. ಮೊದ್ಲು ಇಳ್ಸೋದು ಕಲಿ. ಬಲಗಾಲು ಬ್ರೇಕಿನ ಮೇಲೇ ಇರ್ಬೇಕು. ಹಿಂದಕ್ಕೆ ಹೋಯ್ತಾ ಇದೀನಿ ಅಂತ ಎದೆ ಝಲ್ ಅಂದ್ರೆ ಒಂಚೂರು ಒತ್ತು, ಮೂತಿ ಕೆಳಕ್ಕೆ ಬತ್ತದೆ."

"ಮರದಲ್ಲೂ ಹಾಗೇನಾ?" ಬಾಯಿ ತಪ್ಪಿ ಕೇಳಿಬಿಟ್ಟೆ.

ಅವನು ಮರಗಳ ಕಡೆ ನೋಡಿದ. "ಮರಕ್ಕೆ ಬ್ರೇಕ್ ಎಲ್ಲೈತಲಾ" ಅಂದು ಒಳಗೆ ಹೋದ. ಶನಿವಾರ ಹೊರಗೆ ಬರಲಿಲ್ಲ. ಭಾನುವಾರವೂ ಇಲ್ಲ. ಖಾಲಿ ಜಗುಲಿಯ ಮುಂದೆ ಒಬ್ಬನೇ ಬಿದ್ದೆ, ಎದ್ದೆ. ಬೈಯುವವರಿಲ್ಲದೆ ಮೈ ಹೆಚ್ಚು ನೋಯುತ್ತದೆ ಅನ್ನುವುದು ಆ ಎರಡು ದಿನದಲ್ಲಿ ತಿಳಿಯಿತು.

ಸೋಮವಾರ ಅಜ್ಮತ್ ಗೂಡ್ಸ್ ಆಟೋ ತಂದು ಬೇಲಿಯ ಹತ್ತಿರ ನಿಲ್ಲಿಸಿದ. "ಏನ್ ಸ್ವಾಮೇರೆ, ಸರ್ಕಸ್ಸಾ?" ಎಂದು ನಗುತ್ತ ಸ್ಪ್ಯಾನರ್ ಚೀಲ ಇಳಿಸಿದ. ಭೀಮರಾಜು ಬಾಗಿಲಲ್ಲಿ ಬಂದು ನಿಂತ.

"ಒಂದೇ ಸಲ, ಅಜ್ಮತಣ್ಣ" ಅಂದೆ. ಮನಸ್ಸಿನಲ್ಲೇ ಸಿದ್ದಪ್ಪನನ್ನು ನೆನೆದು ಕ್ಲಚ್ ಬಿಟ್ಟೆ. ಚಕ್ರ ಎದ್ದಿತು, ಸೊಂಟದ ಎತ್ತರಕ್ಕೆ! ಎದೆ ಝಲ್ ಅಂದಾಗ ಬಲಗಾಲು ತಾನೇ ಒತ್ತಿತು. ಹೂವಿಟ್ಟ ಹಾಗೆ ಕೆಳಗಿಳಿಯಿತು. ನಾನು ಕಲಿತಿದ್ದೆ. ಆದರೆ ಭೀಮರಾಜು ಹೊಗಳಲಿಲ್ಲ, ಬೈಯಲೂ ಇಲ್ಲ. ಕೋಲನ್ನು ಬಾಗಿಲಿಗೆ ಒರಗಿಸಿ ಕುಂಟುತ್ತ ಬಂದ.

"ಇಳೀಲಾ."

ಇಳಿದೆ. ನನ್ನ ಹೆಗಲಿಗೆ ಕೈಯೂರಿ ಬಲಗಾಲು ಆಚೆ ಹಾಕಿದ. ಹೆಲ್ಮೆಟ್ ತೆಗೆದು ಅವನ ತಲೆಗೆ ತೊಡಿಸಿದೆ. ನೀಟಿದ ಎಡಗಾಲಿನ ಹಿಮ್ಮಡಿಯಿಂದಲೇ ಒಂದನೇ ಗೇರಿಗೆ ಹಾಕಿದ.

"ಬ್ರೇಕ್ ಬಲಗಾಲಿಗಲ್ವಾ ಇರೋದು" ಎಂದು ತನಗೆ ತಾನೇ ಹೇಳಿಕೊಂಡ.

ಕಣದ ಆ ತುದಿಯವರೆಗೆ ಸುಮ್ಮನೆ ಹೋದ. ತಿರುಗಿಸಿದ. ಬರುವಾಗ ಮುಂದಿನ ಚಕ್ರ ನೆಲ ಬಿಟ್ಟಿತು, ಒಂದು ಗೇಣು, ಹೆಚ್ಚೆಂದರೆ ಎರಡು. ಕೀಯ ಪಕ್ಕದಲ್ಲಿ ಗುಡಿಯ ಬೀಗದ ಕೈ ಜಣಜಣ ಕುಣಿಯುತ್ತಿತ್ತು. ನಮ್ಮ ಮುಂದೆ ಮೆತ್ತಗೆ ಇಳಿಸಿ ನಿಲ್ಲಿಸಿದ. ಚಿಕ್ಕಗೌರಮ್ಮ ಕಣದ ನಡುವೆಯೇ ಕೈಮುಗಿದು ನಿಂತಿದ್ದಳು.

"ಅಜ್ಮತ್, ಬಿಚ್ಬೇಡ. ಹಿಂದ್ಲು ಬ್ರೇಕ್ ಸವ್ದೋಗೈತೆ, ಹೊಸಾದ್ ಹಾಕ್ಕೊಡು" ಅಂದ ಭೀಮರಾಜು. "ಈ ಅಯ್ಯ ಒತ್ತೀ ಒತ್ತೀ ಮುಗಿಸವ್ನೆ."

ಅಜ್ಮತ್ ಬೈಕಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಭೀಮರಾಜು ಕೀಯ ಬಳೆಯನ್ನು ತೆಗೆದು ನನ್ನ ಕಡೆ ಚಾಚಿದ. ಉಗುರು ಹಾಕಿ ಬಳೆ ಬಿಡಿಸಿದೆ. ಗುಡಿಯದು ನನ್ನ ಸೊಂಟಕ್ಕೆ ಸೇರಿತು. ಬೈಕಿನದನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.